ಸೋಮವಾರ ಬೀಗ ಬೀಳುವ ದೇವಾಲಯ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಹೊಸದರಲ್ಲಿ ಮೊದಲ ಸಂಬಳದ ಚೀಟಿ ನೋಡಿ ಗಾಬರಿಯಾಗಿತ್ತು. ಪಿಂಚಣಿ, ಆರೋಗ್ಯ ವಿಮೆ, ಆದಾಯ ತೆರಿಗೆ ಎಲ್ಲ ಕಡಿತವಾದ ಮೇಲೆ ಇನ್ನೊಂದು ಸಾಲು ಇತ್ತು: ಚರ್ಚ್ ತೆರಿಗೆ. ವಿಳಾಸ ನೋಂದಣಿ ಮಾಡಿಸುವಾಗ ಅರ್ಜಿಯಲ್ಲಿ ಧರ್ಮದ ಕಾಲಂ ಇತ್ತು, ನಾನು ಹೆಮ್ಮೆಯಿಂದ ಪ್ರೊಟೆಸ್ಟೆಂಟ್ ಅಂತ ತುಂಬಿದ್ದೆ. ಅಷ್ಟೇ ಸಾಕಾಯ್ತು. ಈ ರಾಜ್ಯದಲ್ಲಿ ಆದಾಯ ತೆರಿಗೆ ಎಷ್ಟು ಬರುತ್ತೋ ಅದರ ಮೇಲೆ ಶೇಕಡ 8 ಚರ್ಚಿಗೆ, ಅದನ್ನು ಹಿಡಿದುಕೊಡುವುದು ಸರ್ಕಾರದ ತೆರಿಗೆ ಇಲಾಖೆ. ಬೇಡ ಅಂದ್ರೆ ಜನನ-ಮರಣ ಬರೆಸುವ ಕಚೇರಿಗೆ ಹೋಗಿ ಫೀಸು ಕಟ್ಟಿ ಸಹಿ ಹಾಕಿ ಹೊರಬೀಳಬಹುದು. ಪಾದ್ರಿಯ ಮುಖ ನೋಡುವ ಕೆಲಸವೂ ಇಲ್ಲ. 2023ರ ಒಂದೇ ವರ್ಷದಲ್ಲಿ ಜರ್ಮನಿಯ ಪ್ರೊಟೆಸ್ಟೆಂಟ್ ಚರ್ಚುಗಳಿಂದ ಸುಮಾರು 3,80,000 ಜನ ಹೀಗೆ ಹೊರಗೆ ಹೋದರು. ಕ್ಯಾಥೊಲಿಕರಲ್ಲಿ ನಾಲ್ಕು ಲಕ್ಷದ ಮೇಲೆ.

ಕರೆಂಟ್ ಬಿಲ್ಲಿನ ಹಾಗೆ ಭಕ್ತಿ ಕಟ್ಟುವ ಊರು ಅಂತ ಆಗ ನಗು ಬಂದಿತ್ತು. ಭಾನುವಾರ ಆರಾಧನೆಗೆ ಹೋದರೆ ಇನ್ನೂ ಬೇಜಾರು. ಐನೂರು ಜನ ಹಿಡಿಸುವ ಕಲ್ಲಿನ ಕಟ್ಟಡ, ಒಳಗೆ ಇಪ್ಪತ್ತು ಬಿಳಿ ತಲೆ. ಆರ್ಗನ್ ಶುರುವಾದಾಗ ಮಾತ್ರ ಮೈ ಜುಮ್ಮೆಂದಿತು, ಯಾಕಂದ್ರೆ ಆ ರಾಗ ನನ್ನ ಅವ್ವ ರೊಟ್ಟಿ ತಟ್ಟುತ್ತಾ ಹಾಡುವ ರಾಗ. ಧಾರವಾಡ, ಹುಬ್ಬಳ್ಳಿ, ಗದಗ, ಮಂಗಳೂರು ಕಡೆಯ ನಮ್ಮ ಸಭೆಗಳ, ಅಂದ್ರೆ ಚರ್ಚುಗಳ, ಎಷ್ಟೋ ಹಾಡುಗಳು ಧರ್ಮ ಸಾರಲು ಬಂದ ಬಾಸೆಲ್ ಮಿಶನ್ನಿನವರ ಜೊತೆ ಇಲ್ಲಿಂದಲೇ ಬಂದವು. 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ ಮೋಗ್ಲಿಂಗ್ ತೀರಿಕೊಂಡದ್ದು ಪಕ್ಕದ ಎಸ್ಲಿಂಗನ್‌ನಲ್ಲಿ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕೊನೆಯುಸಿರೆಳೆದದ್ದು ಟ್ಯೂಬಿಂಗನ್‌ನಲ್ಲಿ, ಅದೂ ಇಲ್ಲೇ ಹತ್ತಿರ. ಇಲ್ಲಿನ ನಮ್ಮ ಪಾಸ್ಟರಿಗೆ ಕಿಟೆಲ್ ಹೆಸರೇ ಗೊತ್ತಿರಲಿಲ್ಲ, ನಾನೇ ಹೇಳಿಕೊಟ್ಟೆ!

ನನ್ನ ಅಭಿಪ್ರಾಯ ಅಲುಗಾಡಿದ್ದು ಆಫೀಸಿನ ಗೆಳೆಯನೊಬ್ಬನಿಂದ. ತೆರಿಗೆ ಉಳಿಸೋಕೆ ಅಂತಲೇ ಚರ್ಚ್ ಬಿಟ್ಟವನು, ದೇವರ ವಿಷಯ ತೆಗೆದರೆ ಹೆಗಲು ಕುಣಿಸಿ ಸುಮ್ಮನಾಗುವವನು. ಅವನು ಪ್ರತಿ ಚಳಿಗಾಲ ಒಂದು ವಾರ ರಜೆ ಹಾಕುತ್ತಾನೆ, ಚರ್ಚಿನಲ್ಲಿ ಸೂಪ್ ಬಡಿಸೋಕೆ. ಒಮ್ಮೆ ನನ್ನನ್ನೂ ಎಳೆದುಕೊಂಡು ಹೋದ.

ಲಿಯೊನ್‌ಹಾರ್ಡ್ಸ್ ಚರ್ಚ್ ಇರುವುದು ನಗರದ ಕೆಂಪು ದೀಪದ ಬೀದಿಗಳ ಮಗ್ಗುಲಲ್ಲೇ. 1995ರಿಂದ ಪ್ರತಿ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಏಳು ವಾರ ಅದು ಊಟದ ಮನೆಯಾಗುತ್ತೆ. ಫೆಸ್ಪರ್‌ಕಿರ್ಶೆ ಅಂತ ಹೆಸರು. ಈ ಸೀಮೆಯ ಮಾತಲ್ಲಿ ಫೆಸ್ಪರ್ ಅಂದ್ರೆ ಬುತ್ತಿ, ಹಾಗಾಗಿ ನಾನು ಬುತ್ತಿ ಚರ್ಚು ಅಂತೀನಿ. ಒಳಗೆಲ್ಲ ಮೇಜು. ಮನೆ ಇಲ್ಲದವರು, ಕುಡಿತಕ್ಕೆ ಬಿದ್ದವರು, ಪಿಂಚಣಿ ಸಾಲದ ಅಜ್ಜಿಯರು, ಯುದ್ಧದಿಂದ ಓಡಿಬಂದವರು, ಮಧ್ಯೆ ಟೈ ಕಟ್ಟಿದ ಬ್ಯಾಂಕಿನವನೂ ಒಬ್ಬ. ಅವತ್ತು ಬೇಳೆ ಮತ್ತು ಶಾವಿಗೆಯಂಥ ಹಿಟ್ಟಿನ ಎಳೆ. ನನ್ನ ಮುಂದೆ ಕೂತ ಮುದುಕನ ಕಾಲ ಬುಡದಲ್ಲಿ ನಾಯಿ ಮಲಗಿತ್ತು. ಆ ನಾಯಿಯನ್ನು ನೋಡೋಕೂ ಒಬ್ಬ ಪಶುವೈದ್ಯರು ಬರ್ತಾರಂತೆ, ಇನ್ನೊಂದು ಮೂಲೆಯಲ್ಲಿ ಕ್ಷೌರ. ಯಾರೂ ನಿನ್ನ ಧರ್ಮ ಯಾವುದು ಅಂತ ಕೇಳಲಿಲ್ಲ. ನಾನು ತಟ್ಟೆ ಎತ್ತಿಡುವಾಗ ಮುದುಕ ನನ್ನ ತೋಳು ಹಿಡಿದು, ಬೇಳೆಗೆ ಹುಳಿ ಕಮ್ಮಿ ಆಯ್ತು, ಒಳಗೆ ಹೇಳು ಅಂದ. ಗೆಳೆಯ ಹೋಗಿ ವಿನೆಗರ್ ಬಾಟಲಿ ತಂದಿಟ್ಟ.

ಅವತ್ತು ರಾತ್ರಿ ಅವ್ವನಿಗೆ ಫೋನಲ್ಲಿ ಹೇಳಿದರೆ, "ದೇವಾಲಯದಾಗ ಕುಂತು ಉಣ್ತಾರೇನೋ? ಕಾಲಾಗಿನ ಬೂಟೂ ತೆಗೀದನ? ನಾಯಿ ಬ್ಯಾರೆ?" ಅಂದಳು. ನಮ್ಮ ಕಡೆ ಚರ್ಚಿಗೆ ದೇವಾಲಯ ಅಂತಲೇ ಅನ್ನೋದು, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗೋದು.

ಸುಗ್ಗಿ ಹಬ್ಬದ್ದೂ ಅದೇ ಕಥೆ. ಊರಿನ ಚರ್ಚಿನಲ್ಲಿ ಸುಗ್ಗಿ ಹಬ್ಬ ಅಂದ್ರೆ ಲಿಲಾವು, ಹರಾಜು. ಒಂದು ಕುಂಬಳಕಾಯಿ, ಒಂದು ಕೋಳಿ, ಸಾವಿರ ರೂಪಾಯಿಗೆ ಹೋಗುತ್ತೆ, ಕೊಂಡವನು ವಾಪಸ್ ಕೊಟ್ಟು ಮತ್ತೆ ಲಿಲಾವು, ನಕ್ಕು ನಕ್ಕು ಸುಸ್ತು. ಇಲ್ಲಿ ಅಕ್ಟೋಬರ್‌ನಲ್ಲಿ ಯಜ್ಞವೇದಿಯ ಮುಂದೆ ತರಕಾರಿ ಜೋಡಿಸಿಡುತ್ತಾರೆ, ಆರಾಧನೆ ಮುಗಿದ ಮೇಲೆ ಅದು ಬಡವರಿಗೆ ದಿನಸಿ ಹಂಚುವ ಕೇಂದ್ರಕ್ಕೆ ಹೋಗುತ್ತೆ. ಮಜಾ ನಮ್ಮದರಲ್ಲೇ ಜಾಸ್ತಿ, ಸುಳ್ಳು ಯಾಕೆ ಹೇಳಲಿ. ಆದರೆ ಆ ಲಿಲಾವಿನ ದುಡ್ಡು ನಾನು ಬೆಳೆದ ಸಭೆಯಲ್ಲಿ (ಹೆಸರು ಬೇಡ) ಹೋದದ್ದು ಕಾಂಪೌಂಡಿಗೆ, ಗ್ರಾನೈಟಿಗೆ, ಆಮೇಲೆ ವಕೀಲರಿಗೆ. ಕಮಿಟಿ ಚುನಾವಣೆಗೆ ಎರಡು ಗುಂಪು, ಜಾಗದ ತಕರಾರು ಕೋರ್ಟಿನಲ್ಲಿ. ಭಾನುವಾರ ಕಾಲಿಡೋಕೆ ಜಾಗ ಇರಲ್ಲ, ಸೋಮವಾರದಿಂದ ಶನಿವಾರ ಗೇಟಿಗೆ ಬೀಗ. ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಮಲಗುವವರು ಆ ಗೇಟಿನ ಒಳಗೆ ಏನಿದೆ ಅಂತ ನೋಡಿರಲಿಕ್ಕಿಲ್ಲ.

ಇದನ್ನು ಒಬ್ಬ ಹಿರಿಯರಿಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. "ನಿಮ್ಮಲ್ಲಿ ತೆರಿಗೆ ವಸೂಲಿ ಮಾಡಿಕೊಡೋ ಸರ್ಕಾರ ಐತಿ ತಮ್ಮಾ. ಇಲ್ಲಿ ನಾಕು ಮಂದಿಗೆ ಅನ್ನ ಹಾಕಿದ್ರ ಮತಾಂತರ ಅಂತಾರ," ಅಂದರು. ಅವರ ಮಾತು ತಳ್ಳಿಹಾಕೋಕೆ ಆಗಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲೂ ಬೇರೆ ಕಡೆಯೂ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದದ್ದು ಯಾರು ಮರೆತಾರು? 2022ರಲ್ಲಿ ಮತಾಂತರ ತಡೆಯುವ ಕಾನೂನೂ ಬಂತು. ಜರ್ಮನಿಯಲ್ಲಿ ಕೂತು ಬಾಗಿಲು ತೆಗೀರಿ ಅನ್ನೋದು ಸುಲಭ, ನನಗೂ ಗೊತ್ತು. ಆದರೂ ಕೇಳ್ತೀನಿ, ಗದಗದ ಪಕ್ಕದ ಬೆಟಗೇರಿಯಲ್ಲಿ ಜನ ಇವತ್ತಿಗೂ ಜರ್ಮನ್ ಆಸ್ಪತ್ರೆ ಅಂತ ಕರೆಯುವ ಮಿಶನ್ ಆಸ್ಪತ್ರೆ ಶುರುವಾದಾಗ ಆ ಸೀಮೆಯಲ್ಲಿ ಕ್ರೈಸ್ತರು ಎಷ್ಟು ಮಂದಿ ಇದ್ದರು? ಕಮ್ಮಿಯೇ. ಭಯಕ್ಕೆ ಬೀಗ ಹಾಕಿದೆವು ಅಂತೀವಿ, ನನಗೇನೋ ಅರ್ಧ ಬೀಗ ಗ್ರಾನೈಟ್ ಹಾಳಾಗುತ್ತೆ ಅಂತ ಹಾಕಿದ್ದು ಅನ್ನಿಸುತ್ತೆ.

ಹಾಗಂತ ಇಲ್ಲಿನದೇ ಸರಿ ಅಂತ ಬರೆಯೋಕೆ ಕೈ ಬರಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದ ಹದಿನೆಂಟು ದಿನ ಸಭೆಯವರು ಪಾಳಿ ಹಾಕಿಕೊಂಡು ರಾತ್ರಿ ಕೂತರು. ಎದುರು ಗುಂಪಿನವರೂ ಊಟದ ಡಬ್ಬಿ ತಂದರು, ಡಬ್ಬಿಯ ಮೇಲೆ ಎಣ್ಣೆ ಬಣ್ಣದಲ್ಲಿ ಅವರ ಮನೆತನದ ಹೆಸರು. ಅಯ್ಯನವರು, ಅಂದ್ರೆ ನಮ್ಮ ಸಭೆಯ ಪಾದ್ರಿ, ದಿನಾ ಬಂದು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಇಲ್ಲಿ ನಾಲ್ಕು ವರ್ಷದಿಂದ ಒಂದೇ ಬೆಂಚಿನಲ್ಲಿ ನನ್ನ ಪಕ್ಕ ಕೂರುವ ಮಹಿಳೆಗೆ ನನ್ನ ಹೆಸರು ಗೊತ್ತಿಲ್ಲ. ಅಪ್ಪ ಹೋದ ಭಾನುವಾರ ಅವರು ಎಂದಿನಂತೆ ಕೈ ಕುಲುಕಿ, ಹೊರಗೆ ಚಳಿ ಜಾಸ್ತಿ ಅಲ್ವಾ ಅಂದರು. ಬೀದಿಯವರಿಗೆ ಬಾಗಿಲು ತೆರೆದವರು ಪಕ್ಕದವನ ಕಣ್ಣು ಕೆಂಪಾಗಿದ್ದು ನೋಡಲ್ಲ. ಇದು ಹೇಗೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಆ ಡಬ್ಬಿಗಳೇ ನನ್ನ ತಲೆಯಲ್ಲಿ ತಿರುಗುತ್ತಿರುತ್ತವೆ. ನಮ್ಮವರಿಗೆ ಅಡುಗೆ ಬರುತ್ತೆ, ಪಾಳಿ ಹಾಕೋದು ಬರುತ್ತೆ, ದೊಡ್ಡ ಪಾತ್ರೆಗಳು ದೇವಾಲಯದ ಹಿಂದಿನ ಕೋಣೆಯಲ್ಲೇ ಬಿದ್ದಿವೆ. ಗೇಟಿನ ಒಳಗಿನವರಿಗೆ ಮಾಡುವುದನ್ನು ವಾರಕ್ಕೊಂದು ಮಧ್ಯಾಹ್ನ ಹೊರಗಿನವರಿಗೂ ಮಾಡಿದರೆ ಸಾಕು, ಇದಕ್ಕೆ ಜರ್ಮನಿಯವರ ತೆರಿಗೆ ಬೇಕಿಲ್ಲ.

ನಾಯಿ ಕಥೆ ಕೇಳಿ ಮೂಗು ಮುರಿದಿದ್ದ ಅವ್ವನೇ ಹೋದ ತಿಂಗಳು ಸ್ತ್ರೀಯರ ಕೂಟದಲ್ಲಿ ಈ ಮಾತು ತೆಗೆದಳಂತೆ: ಬುಧವಾರ ಅನ್ನ-ಸಾರು, ದೇವಾಲಯದೊಳಗೆ ಬೇಡ, ಬೇವಿನ ಮರದ ಕೆಳಗೆ. ಆರು ಮಂದಿ ಹೂಂ ಅಂದಿದ್ದಾರೆ. ಗೇಟಿನ ಕೀಲಿ ಮಾತ್ರ ಕಮಿಟಿ ಸೆಕ್ರೆಟರಿ ಹತ್ತಿರ ಇದೆ. ಮುಂದಿನ ಮೀಟಿಂಗಿನಲ್ಲಿ ನೋಡೋಣ ಅಂದಿದ್ದಾರೆ ಅವರು.