ಬೆಲೆ ಹೇಳಿ, ಕಣ್ಣು ಮುಚ್ಚಿಕೊಳ್ಳಿ

ಕಿಸೆ ತೆಳ್ಳಗಿರುವ ಪ್ರಯಾಣಿಕನಿಗೆ ಬೆಲೆ ನಿರ್ಧರಿಸುವ ಅಧಿಕಾರ ಪ್ರಾಪ್ತವಾದದ್ದು 1998ರಲ್ಲಿ, ಅಮೆರಿಕದಲ್ಲಿ. ಪ್ರೈಸ್‌ಲೈನ್ ಎಂಬ ಅಂತರ್ಜಾಲ ಸಂಸ್ಥೆಯು ಮೊದಲು ವಿಮಾನದ ಟಿಕೆಟ್ಟಿಗೂ ಬಳಿಕ ಹೋಟೆಲಿನ ಕೋಣೆಗೂ ‘ನಿಮ್ಮ ಬೆಲೆಯನ್ನು ನೀವೇ ಹೇಳಿ’ ಎಂದು ಸಾರಿತು; ನಟ ವಿಲಿಯಂ ಶಾಟ್ನರ್ ಅವರು ಜಾಹೀರಾತಿನಲ್ಲಿ ಅದನ್ನೇ ಹಾಡಿ ಹೊಗಳಿದರು. ಕೊಳ್ಳುವವನು ಬೆಲೆ ಹೇಳುವುದು, ಮಾರುವವನು ಒಪ್ಪುವುದು ಇಲ್ಲವೇ ಬಿಡುವುದು ಎಂಬ ಈ ಅಪೂರ್ವ ಆವಿಷ್ಕಾರಕ್ಕೆ ಸಂಸ್ಥಾಪಕ ಜೇ ವಾಕರ್ ಮತ್ತು ಸಂಗಡಿಗರಿಗೆ ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಪೇಟೆಂಟ್ ಕೂಡ ದೊರೆಯಿತು. ಚೌಕಾಸಿಗೆ ಸರಕಾರದ ಮುದ್ರೆ ಬಿದ್ದ ಮೇಲೆ ಬೇರೆಯವರು ಚೌಕಾಸಿ ಮಾಡಿಸುವುದು ಅಪರಾಧವೇ ಆಗುತ್ತದೆ. ಮೈಕ್ರೋಸಾಫ್ಟಿನ ಎಕ್ಸ್‌ಪೀಡಿಯಾ ಎಂಬ ಪ್ರಯಾಣದ ಜಾಲತಾಣ ತಾನೂ ಅದೇ ರೀತಿಯಲ್ಲಿ ಕೋಣೆಗಳನ್ನು ಮಾರಲು ಹೊರಟಾಗ 1999ರಲ್ಲಿ ವ್ಯಾಜ್ಯ ಹೂಡಲಾಯಿತು, 2001ರಲ್ಲಿ ಅದು ರಾಜಿಯಲ್ಲಿ ಮುಗಿಯಿತು.

ಈ ಅಧಿಕಾರವನ್ನು ಚಲಾಯಿಸುತ್ತಿದ್ದ ಕ್ರಮವನ್ನು ಸ್ವಲ್ಪ ಗಮನಿಸಬೇಕು. ಗಿರಾಕಿಯು ಊರನ್ನು ಆರಿಸಬಹುದಿತ್ತು, ಊರಿನೊಳಗಿನ ವಲಯವನ್ನು ಆರಿಸಬಹುದಿತ್ತು, ಹೋಟೆಲಿಗೆ ಎಷ್ಟು ನಕ್ಷತ್ರಗಳಿರಬೇಕೆಂದು ತಿಳಿಸಬಹುದಿತ್ತು, ಬಳಿಕ ಬೆಲೆಯನ್ನು ಹೇಳಿ ತನ್ನ ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಒಪ್ಪಿಸಬಹುದಿತ್ತು. ಹೋಟೆಲಿನ ಹೆಸರನ್ನು ಮಾತ್ರ ಕೇಳುವಂತಿರಲಿಲ್ಲ. ಯಾವುದಾದರೊಂದು ಹೋಟೆಲು ಆ ಬೆಲೆಗೆ ಒಪ್ಪಿದ ಕ್ಷಣದಲ್ಲಿಯೇ ಕಾರ್ಡಿನಿಂದ ಹಣ ಹೋಗುತ್ತಿತ್ತು. ಹಣ ಹೋದ ಮೇಲೆ ಹೆಸರು ಬರುತ್ತಿತ್ತು. ಹೆಸರು ಬಂದ ಮೇಲೆ ಬೇಡವೆನ್ನುವಂತಿರಲಿಲ್ಲ, ದಿನ ಬದಲಿಸುವಂತಿರಲಿಲ್ಲ, ಹಣವನ್ನು ಮರಳಿ ಕೇಳುವಂತಿರಲಿಲ್ಲ. ಇಬ್ಬರು ಮಲಗಬಹುದಾದ ಕೋಣೆ ಎಂಬ ಭರವಸೆಯಿತ್ತೇ ಹೊರತು ಮಂಚ ಒಂದೋ ಎರಡೋ ಎಂಬುದು ಹೋಟೆಲಿನವರ ಚಿತ್ತಕ್ಕೆ ಬಿಟ್ಟ ವಿಷಯವಾಗಿತ್ತು. ಮಾವನೊಂದಿಗೆ ಪ್ರಯಾಣ ಮಾಡುವ ಅಳಿಯನಿಗೆ ಇದು ಸಣ್ಣ ಸಂಗತಿಯಲ್ಲ.

ನಮ್ಮ ದೇವಸ್ಥಾನಗಳಲ್ಲಿ ಜಾತ್ರೆ ಮುಗಿದ ಬಳಿಕ ಹಸುರುಕಾಣಿಕೆಯ ಕುಂಬಳಕಾಯಿಯನ್ನು ಏಲಂ ಹಾಕುವಾಗ ಕುಂಬಳಕಾಯಿ ಎಲ್ಲರ ಕಣ್ಣೆದುರಿನಲ್ಲಿರುತ್ತದೆ, ಕೂಗುವವರೂ ಕಣ್ಣೆದುರಿನಲ್ಲಿಯೇ ಇರುತ್ತಾರೆ, ಒಬ್ಬರು ನೂರು ಎಂದರೆ ಮತ್ತೊಬ್ಬರು ನೂರೈವತ್ತು ಎನ್ನುವುದು ಸಭೆಗೆಲ್ಲ ಕೇಳಿಸುತ್ತದೆ. ಹೆಚ್ಚು ಕೊಟ್ಟು ಕೊಂಡವರಿಗೆ ಪುಣ್ಯವಾದರೂ ಇದೆ. ಪ್ರೈಸ್‌ಲೈನಿನ ಏಲಂನಲ್ಲಿ ಕುಂಬಳಕಾಯಿ ಗೋಣಿಯೊಳಗಿತ್ತು, ಕೂಗುವವನು ಒಬ್ಬನೇ ಇದ್ದ, ಅವನು ತನ್ನ ವಿರುದ್ಧ ತಾನೇ ಬೆಲೆ ಏರಿಸುತ್ತ ಹೋಗುತ್ತಿದ್ದ. 45 ಡಾಲರಿಗೆ ಕೋಣೆ ಸಿಕ್ಕಿದವನಿಗೆ ಸಂತೋಷಕ್ಕಿಂತ ಮೊದಲು ಬರುತ್ತಿದ್ದುದು 40 ಎಂದಿದ್ದರೂ ಸಿಗುತ್ತಿತ್ತೇನೋ ಎಂಬ ಸಂಕಟ. 40 ಎಂದು ಹೇಳಿ ತಿರಸ್ಕೃತನಾದವನಿಗಂತೂ ತನ್ನ ಬಡತನ ಯಂತ್ರಕ್ಕೂ ತಿಳಿದುಹೋಯಿತಲ್ಲ ಎಂಬ ಅವಮಾನ.

ಹೋಟೆಲಿನವರ ಕಡೆಯಿಂದ ನೋಡಿದರೆ ಇದರಲ್ಲಿ ಹುಚ್ಚೇನೂ ಇಲ್ಲ. ಇಂದು ರಾತ್ರಿ ಖಾಲಿ ಉಳಿದ ಕೋಣೆಯ ಇಂದಿನ ರಾತ್ರಿಯನ್ನು ನಾಳೆ ಮಾರಲಾಗದು. ಖಾಲಿ ಬಿಡುವುದಕ್ಕಿಂತ ಅರ್ಧ ಬೆಲೆಗೆ ಕೊಡುವುದು ಲೇಸು. ಆದರೆ ದರ ಇಳಿಸಿದ್ದೇವೆಂದು ಬಾಗಿಲಲ್ಲಿ ಫಲಕ ತೂಗಿಸಿದರೆ ಪೂರ್ಣ ದರ ಕೊಟ್ಟು ಒಳಗೆ ಮಲಗಿರುವವರು ಎದ್ದು ಬಂದು ಜಗಳ ತೆಗೆಯುತ್ತಾರೆ. ಆದ್ದರಿಂದ ಹೆಸರನ್ನು ಮರೆಮಾಡಿ, ಯಾವ ಹೋಟೆಲಾದರೂ ಆದೀತು ಎನ್ನುವಷ್ಟು ದುಡ್ಡಿನ ಅಡಚಣೆಯಿರುವವನಿಗೆ ಮಾತ್ರ ಗುಟ್ಟಾಗಿ ಕೊಡುವುದು. ಅರ್ಥಶಾಸ್ತ್ರಜ್ಞರು ಇದಕ್ಕೆ ಗೌರವದ ಹೆಸರುಗಳನ್ನು ಇಟ್ಟಿದ್ದಾರೆ. ನನಗೆ ತೋರುವಂತೆ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳುವ ಕೆಲಸಕ್ಕೆ ಹೋಟೆಲಿನವರು ಕೊಡುವ ಕೂಲಿಗೇ ರಿಯಾಯಿತಿ ಎಂದು ಹೆಸರು.

ಆ ಕೂಲಿಯೂ ಸುಲಭವಾಗಿ ಬರುತ್ತಿರಲಿಲ್ಲ. ಒಮ್ಮೆ ತಿರಸ್ಕೃತವಾದ ಬೆಲೆಯನ್ನು ಐದು ಡಾಲರ್ ಏರಿಸಿ ಕೂಡಲೇ ಮತ್ತೆ ಕೇಳಲು ಬಿಡುತ್ತಿರಲಿಲ್ಲ. ಒಂದೋ 24 ಗಂಟೆ ಕಾಯಬೇಕು, ಇಲ್ಲವಾದರೆ ವಲಯವನ್ನೋ ನಕ್ಷತ್ರದ ಸಂಖ್ಯೆಯನ್ನೋ ಬದಲಿಸಬೇಕು. ಇದರಿಂದ ಒಂದು ಶಾಸ್ತ್ರವೇ ಹುಟ್ಟಿಕೊಂಡಿತು. ನಾಲ್ಕು ನಕ್ಷತ್ರದ ಹೋಟೆಲು ಒಂದೂ ಇಲ್ಲದ ವಲಯ ಯಾವುದೆಂದು ಪತ್ತೆ ಹಚ್ಚಿ, ಅದನ್ನು ತನ್ನ ಬೇಡಿಕೆಗೆ ಸೇರಿಸಿದರೆ ಬೇಡಿಕೆ ಬದಲಾದಂತೆಯೂ ಆಗುತ್ತದೆ, ಆ ದೂರದ ವಲಯದಲ್ಲಿ ಹೋಗಿ ಬೀಳುವ ಭಯವೂ ಇರುವುದಿಲ್ಲ, ಹೊಸ ಬೆಲೆಯನ್ನು ಅಂದೇ ಹೇಳಲು ದಾರಿಯೂ ತೆರೆಯುತ್ತದೆ. ಹತ್ತು ಡಾಲರ್ ಉಳಿಸುವುದಕ್ಕಾಗಿ ಜನರು ಅಪರಿಚಿತ ನಗರಗಳ ಭೂಪಟವನ್ನು ಬಾಯಿಪಾಠ ಮಾಡಿದರು. ತಾವೆಂದೂ ಕಾಲಿಡದ ಉಪನಗರಗಳಲ್ಲಿ ಏನೇನು ಇಲ್ಲ ಎಂಬುದನ್ನು ಖಚಿತವಾಗಿ ತಿಳಿದುಕೊಂಡರು. ಉಳ್ಳವನು ಎರಡು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲದವನು ಎರಡು ಸಂಜೆಗಳನ್ನು ಸುರಿದು, ಅದನ್ನು ಉಳಿತಾಯದ ಲೆಕ್ಕಕ್ಕೆ ಬರೆದುಕೊಂಡನು.

ಇದೇ ಸೂತ್ರವನ್ನು 1999ರಲ್ಲಿ ವೆಬ್‌ಹೌಸ್ ಕ್ಲಬ್ ಎಂಬ ಹೆಸರಿನಲ್ಲಿ ದಿನಸಿಗೂ, ಮುಂದೆ ಪೆಟ್ರೋಲಿಗೂ ವಿಸ್ತರಿಸಲಾಯಿತು. 2000ದ ಅಕ್ಟೋಬರಿನಲ್ಲಿ ಅದು ಬಾಗಿಲು ಹಾಕಿತು. ವಿಮಾನದ ಟಿಕೆಟ್ಟಿಗೆ ಬೆಲೆ ಹೇಳುವ ಸೌಲಭ್ಯವು 2016ರಲ್ಲಿ ನಿಂತಿತು, ಕೋಣೆಯದೂ ಮುಂದೆ ನಿಂತುಹೋಯಿತು. ಹೆಸರನ್ನು ಮುಚ್ಚಿಟ್ಟು ಸಂಸ್ಥೆಯೇ ಬೆಲೆ ಹೇಳುವ ಕ್ರಮವೊಂದು ಮಾತ್ರ ಉಳಿದುಕೊಂಡಿದೆ. ಎಂದರೆ ಗಿರಾಕಿಯ ಬಾಯಿಯನ್ನು ಮುಚ್ಚಲಾಯಿತು, ಕಣ್ಣಿನ ಬಟ್ಟೆಯನ್ನು ಬಿಚ್ಚಲಿಲ್ಲ.

ಕಾಸರಗೋಡಿನವರಿಗೆ ಈ ಪುರಾಣವೇಕೆ ಎಂದು ಯಾರಾದರೂ ಕೇಳಿಯಾರು. ನಮ್ಮಷ್ಟು ಅಗ್ಗದ ಕೋಣೆಯ ಅಗತ್ಯವಿರುವ ಜನ ಬೇರೆ ಯಾರಿದ್ದಾರೆ? 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದವರು ರಾಜಧಾನಿಯನ್ನು 550 ಕಿ.ಮೀ.ಗೂ ಆಚೆ ತಿರುವನಂತಪುರದಲ್ಲಿಯೇ ಉಳಿಸಿದ್ದರಿಂದ, ಸೆಕ್ರೆಟರಿಯೇಟಿನಲ್ಲಿ ಒಂದು ಕಡತವು ಈ ಮೇಜಿನಿಂದ ಪಕ್ಕದ ಮೇಜಿಗೆ ಸರಿಯಬೇಕಾದರೆ ಮಂಜೇಶ್ವರದವನು ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯಬೇಕಾಗುತ್ತದೆ. ಸಂಜೆ ಕಾಸರಗೋಡಿನಲ್ಲಿ ಮಾವೇಲಿ ರೈಲು ಹತ್ತಿದರೆ ಬೆಳಗ್ಗೆ ಅಲ್ಲಿ ಇಳಿಯಬಹುದು, ಅಂದೇ ಸಂಜೆ ಮಾವೇಲಿಯನ್ನೋ ಮಲಬಾರ್ ಎಕ್ಸ್‌ಪ್ರೆಸ್ಸನ್ನೋ ಹಿಡಿದು ಮರಳಬಹುದು. ಎರಡು ರಾತ್ರಿಯ ನಿದ್ದೆಯೂ ರೈಲಿನಲ್ಲಿಯೇ ಮುಗಿಯುವುದರಿಂದ ಶಾಸ್ತ್ರದ ಪ್ರಕಾರ ಕೋಣೆಯೇ ಬೇಡ. ಆದರೆ ‘ಸಾಹೇಬರು ಇಂದು ರಜೆಯಲ್ಲಿದ್ದಾರೆ, ನಾಳೆ ಬನ್ನಿ’ ಎಂಬ ಒಂದು ವಾಕ್ಯದ ಬಲದ ಮೇಲೆಯೇ ಅಲ್ಲಿನ ರೈಲು ನಿಲ್ದಾಣದ ಸುತ್ತಲಿನ ತಂಬಾನೂರಿನ ಲಾಡ್ಜುಗಳು ನಿಂತಿರುವುದು.

ಮುಖ್ಯವಾದುದನ್ನು ಮುಚ್ಚಿಟ್ಟು ಕೊಡುವ ಪದ್ಧತಿಯೂ ನಮಗೆ ಹೊಸತೇನಲ್ಲ. ಕನ್ನಡ ಮಾಧ್ಯಮದ ಶಾಲೆಗೆ ಗಣಿತದ ಅಧ್ಯಾಪಕರು ಬೇಕೆಂದು ಬೇಡಿಕೆ ಸಲ್ಲಿಸುವಾಗ ವಿಷಯವನ್ನೂ ತರಗತಿಯನ್ನೂ ನಾವು ಸೂಚಿಸಬಹುದು. ಬಂದವರಿಗೆ ಕನ್ನಡ ಬರುತ್ತದೆಯೋ ಇಲ್ಲವೋ ಎಂಬುದು ಅವರು ತರಗತಿಗೆ ಕಾಲಿಟ್ಟ ಬಳಿಕವಷ್ಟೇ ತಿಳಿಯುವುದುಂಟು. ಬೇಡವೆನ್ನುವುದಕ್ಕೆ ಎರ್ನಾಕುಳಂನ ಹೈಕೋರ್ಟಿಗೆ ಹೋಗಬೇಕು, ಅಲ್ಲಿಯೂ ಒಂದು ಕೋಣೆ ಬೇಕು.

ಬದಿಯಡ್ಕದ ಕಡೆಯ ನನ್ನ ಭಾವ ಜಾಗದ ದಾಖಲೆಯೊಂದರ ಬೆನ್ನು ಹತ್ತಿ ರಾಜಧಾನಿಗೆ ಹೊರಟಾಗ ಮಗನು ಅವರ ಮೊಬೈಲಿಗೆ ಕೋಣೆ ಕಾದಿರಿಸುವ ಆ್ಯಪೊಂದನ್ನು ಹಾಕಿಕೊಟ್ಟಿದ್ದನು. ಅಮೆರಿಕದ ಏಲಂ ನಮ್ಮಲ್ಲಿಗೆ ಆ ರೂಪದಲ್ಲಿ ಬರಲಿಲ್ಲ. ಇಲ್ಲಿ ಗಿರಾಕಿಯು ಬೆಲೆ ಹೇಳುವ ಶ್ರಮವನ್ನು ತೆಗೆದುಕೊಳ್ಳಬೇಕಾಗಿಲ್ಲ, ಬೆಲೆಯೇ ನಿಮಿಷಕ್ಕೊಮ್ಮೆ ತನ್ನನ್ನು ತಾನು ಹೇಳಿಕೊಳ್ಳುತ್ತದೆ. ಪರದೆಯ ಮೇಲೆ 4,999 ರೂಪಾಯಿ ಎಂದು ಬರೆದು ಅಡ್ಡಗೆರೆ ಎಳೆದಿತ್ತು, ಅದರ ಕೆಳಗೆ 1,199 ಎಂದಿತ್ತು. “ಈ ಗೆರೆ ಎಳೆದ ಬೆಲೆಯನ್ನು ಯಾರಾದರೂ ಯಾವತ್ತಾದರೂ ಕೊಟ್ಟದ್ದುಂಟೋ?” ಎಂದು ಭಾವ ಕೇಳಿದರು. ಅಷ್ಟರಲ್ಲಿ ‘ಈ ಬೆಲೆಗೆ ಒಂದೇ ಕೋಣೆ ಉಳಿದಿದೆ’ ಎಂಬ ಕೆಂಪಕ್ಷರ ಬಂತು, ‘ಈಗ 18 ಮಂದಿ ಇದನ್ನೇ ನೋಡುತ್ತಿದ್ದಾರೆ’ ಎಂಬ ಎಚ್ಚರಿಕೆ ಬಂತು. ಮರುದಿನ ಬೆಳಗ್ಗೆಯೂ ಆ ಒಂದೇ ಕೋಣೆ ಉಳಿದಿತ್ತು, ಆ 18 ಮಂದಿ ನಿದ್ದೆಗೆಟ್ಟು ಅದನ್ನೇ ನೋಡುತ್ತಿದ್ದರು. ಇಷ್ಟು ಜನರಿಗೆ ತಂಬಾನೂರಿನಲ್ಲಿ ಏನು ಕೆಲಸವಿದ್ದೀತು ಎಂಬುದು ಭಾವನವರಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಸರಕಾರ ಸುಮ್ಮನೆ ಕುಳಿತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಇಂತಹ 13 ಬಗೆಯ ಕೈಚಳಕಗಳನ್ನು ಡಾರ್ಕ್ ಪ್ಯಾಟರ್ನ್ ಎಂದು ಕರೆದು ನಿಷೇಧಿಸಿದೆ: ಇಲ್ಲದ ತುರ್ತನ್ನು ಹುಟ್ಟಿಸುವುದು, ಕೇಳದೆಯೇ ಬುಟ್ಟಿಗೆ ಸರಕು ಸೇರಿಸುವುದು, ಬೇಡವೆಂದವನನ್ನು ನಾಚಿಸುವುದು, ಬೆಲೆಯನ್ನು ಹನಿಹನಿಯಾಗಿ ಹೊರಬಿಡುವುದು, ಇತ್ಯಾದಿ. ಭಾವನವರ ಮೊಬೈಲು ಈ ಪಟ್ಟಿಯನ್ನು ಪಠ್ಯಪುಸ್ತಕವೆಂದು ಭಾವಿಸಿದಂತಿತ್ತು. ಪ್ರಯಾಣ ವಿಮೆಯ ಚೌಕದಲ್ಲಿ ಮೊದಲೇ ಗುರುತು ಬಿದ್ದಿತ್ತು. ಅದನ್ನು ಅಳಿಸಬೇಕಾದರೆ ‘ಬೇಡ, ನನ್ನ ಪ್ರಯಾಣ ಅಪಾಯದಲ್ಲಿರಲಿ’ ಎಂಬ ವಾಕ್ಯವನ್ನು ಒತ್ತಬೇಕಿತ್ತು. ಮನೆಯಿಂದ ಹೊರಡುವ ಹೊತ್ತಿಗೆ ಅಂತಹ ಮಾತನ್ನು ಒತ್ತಲು ಅಕ್ಕ ಬಿಡಲಿಲ್ಲ.

ಬಳಿಕ ಹನಿಗಳು ಬೀಳತೊಡಗಿದವು. ಸೇವಾ ಶುಲ್ಕ ಒಂದು, ಕೂಪನ್ ಕಳೆದು ಕೂಡಿಸಿದ ಮತ್ತೊಂದು, ಕೊನೆಗೆ ತೆರಿಗೆ. ದಿನಕ್ಕೆ 1,000 ರೂಪಾಯಿಯವರೆಗಿನ ಕೋಣೆಗೆ ಒಂದು ಕಾಲದಲ್ಲಿ ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇ. 12 ಬಂತು, 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿಯವರೆಗಿನ ಎಲ್ಲ ಕೋಣೆಗಳಿಗೂ ಶೇ. 5 ಎಂದಾಯಿತು. ತಂಬಾನೂರಿನ ಸೊಳ್ಳೆಗೂ ಕೋವಳಂನ ಕಡಲ ನೋಟಕ್ಕೂ ಹೀಗೆ ಸಮಾನತೆ ಲಭಿಸಿದೆ. ಅಮೆರಿಕದಲ್ಲಿ ‘ರೆಸಾರ್ಟ್ ಫೀ’ ಎಂಬ ಹೆಸರಿನಲ್ಲಿ ಹೋಟೆಲಿಗೆ ತಲುಪಿದ ಮೇಲೆ ಹೊಸ ಮೊತ್ತವನ್ನು ಕಕ್ಕಿಸುವ ಚಾಳಿ ಬೆಳೆದು, ಕೊನೆಗೆ ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಬೆಲೆಯನ್ನು ಮೊದಲೇ ತೋರಿಸಬೇಕೆಂಬ ನಿಯಮವು 2025ರ ಮೇ 12ರಂದು ಜಾರಿಗೆ ಬಂತು. ವಸ್ತುವಿನ ಬೆಲೆ ಹೇಳುವಾಗ ಅದರ ಬೆಲೆಯನ್ನೇ ಹೇಳಬೇಕೆಂದು ಕಾನೂನು ಮಾಡಬೇಕಾದಷ್ಟು ವ್ಯಾಪಾರ ಮುಂದುವರಿದಿದೆ.

ಇಷ್ಟೆಲ್ಲ ದಾಟಿದ ಭಾವನವರನ್ನು ತಡೆದದ್ದು ಪುಟದ ತಳದಲ್ಲಿ ಇರುವೆಯ ಗಾತ್ರದ ಅಕ್ಷರಗಳಲ್ಲಿದ್ದ ‘ಸ್ಥಳೀಯ ಗುರುತಿನ ಚೀಟಿಯನ್ನು ಸ್ವೀಕರಿಸುವುದಿಲ್ಲ’ ಎಂಬ ಸಾಲು. ಸ್ಥಳೀಯವೆಂದರೆ ಊರಿನದೋ ಜಿಲ್ಲೆಯದೋ ರಾಜ್ಯದ್ದೋ ಎಂಬ ವಿವರಣೆ ಇರಲಿಲ್ಲ. ಗಡಿನಾಡಿನವರಿಗೆ ಇದರಲ್ಲಿ ವಿಶೇಷ ಸೌಕರ್ಯವಿದೆ. ತಲಪಾಡಿ ದಾಟಿ ಮಂಗಳೂರಿಗೆ ಹೋದರೆ, ಕನ್ನಡ ಮಾತನಾಡಿದರೂ ತುಳು ಮಾತನಾಡಿದರೂ, ನಾವು ಹೊರರಾಜ್ಯದವರು. ಆದ್ದರಿಂದ ಕೋಣೆ ಸಿಗುತ್ತದೆ. ತಿರುವನಂತಪುರದಲ್ಲಿ ಮಲಯಾಳದಲ್ಲಿ ಅಚ್ಚಾದ ಆಧಾರ್ ಕಾರ್ಡು ನಮ್ಮನ್ನು ಸ್ಥಳೀಯರನ್ನಾಗಿ ಮಾಡಿಬಿಡುತ್ತದೆ. ಸುಮಾರು 70 ವರ್ಷಗಳಲ್ಲಿ ಕೇರಳವು ನಮ್ಮನ್ನು ಸಂಪೂರ್ಣವಾಗಿ ತನ್ನವರೆಂದು ಒಪ್ಪಿಕೊಂಡ ಸಂದರ್ಭ ಇದೊಂದೇ ಇರಬೇಕು, ಅದೂ ಕೋಣೆ ಇಲ್ಲವೆನ್ನುವುದಕ್ಕೆ.

ಭಾವ ಮೊಬೈಲನ್ನು ಕಿಸೆಗೆ ಹಾಕಿ ರೈಲು ಹತ್ತಿದರು. ಬೆಳಗ್ಗೆ ತಂಬಾನೂರಿನಲ್ಲಿ ಇಳಿದು ಮೊದಲು ಕಂಡ ಲಾಡ್ಜಿನ ಮೆಟ್ಟಿಲು ಹತ್ತಿ ವಿಚಾರಿಸಿದಾಗ ಮೇಜಿನ ಹಿಂದಿದ್ದವರು 1,000 ಎಂದರು. ಅದೇ ಲಾಡ್ಜು ಮೊಬೈಲಿನಲ್ಲಿ 820 ಎಂದು ತೋರಿಸುತ್ತಿತ್ತು, ಗುರುತಿನ ಚೀಟಿಯ ನಿರ್ಬಂಧವೂ ಇರಲಿಲ್ಲ. ಪರದೆಯನ್ನು ಅವರ ಮುಖದ ಮುಂದೆ ಹಿಡಿದು ಅದೇ ಬೆಲೆಗೆ ಕೊಡಬೇಕೆಂದಾಗ ಅವರು ವಿನಯದಿಂದಲೇ ಉತ್ತರಿಸಿದರು: “ಆ ಬೆಲೆಗೆ ಕೊಡಲು ನನಗೆ ಅಧಿಕಾರವಿಲ್ಲ, ಸಾರೇ. ಮೊಬೈಲಿನಲ್ಲಿಯೇ ಬುಕ್ ಮಾಡಿ.” ಒಂದೂವರೆ ಅಡಿ ಅಗಲದ ಮೇಜಿನ ಈಚೆ ಭಾವನವರೂ ಆಚೆ ಲಾಡ್ಜಿನವರೂ ನಿಂತು, ಹಣವೂ ಸಂದೇಶವೂ ಯಾವ ಯಾವ ದೇಶಗಳನ್ನೋ ಸುತ್ತಿ ಬರುವುದನ್ನು ಕಾದರು. ಓಟಿಪಿ ಬಂತು, ಹಣ ಹೋಯಿತು, ನಡುವಿನವನ ಕಮಿಷನ್ ಕಡಿದು ಉಳಿದದ್ದು ತಲುಪುತ್ತದೆಂದು ಮೇಜಿನ ಆಚೆಯ ಮೊಬೈಲು ಸದ್ದು ಮಾಡಿತು.

“ಬುಕಿಂಗ್ ಬಂದಿದೆ, ಸಾರೇ,” ಎಂದು ಲಾಡ್ಜಿನವರು ಕೈ ಕುಲುಕಿದರು. ಭಾವ ಕೀಲಿಕೈಗಾಗಿ ಕೈ ಚಾಚಿದರು.

“ಮೊಬೈಲಿನ ಕೋಣೆಗೆ ಚೆಕ್ ಇನ್ ಮಧ್ಯಾಹ್ನ 12ಕ್ಕೆ. ಇಲ್ಲಿ ನೇರವಾಗಿ ತೆಗೆದುಕೊಂಡಿದ್ದರೆ ಈಗಿನಿಂದಲೇ 24 ಗಂಟೆ.”

ಸೆಕ್ರೆಟರಿಯೇಟು ತೆರೆಯುವುದು 10.15ಕ್ಕೆ. ಈಗಲೇ ಸ್ನಾನಕ್ಕೆ ಕೋಣೆ ಬೇಕಾದರೆ ಏನು ಮಾಡಬೇಕೆಂದು ಭಾವ ಕೇಳಿದರು. ಮೇಲಿನಿಂದ 300 ರೂಪಾಯಿ ಕೊಡಬೇಕೆಂದೂ, ಅದಕ್ಕೆ ಆ್ಯಪಿನಲ್ಲಿ ಅವಕಾಶವಿಲ್ಲವಾದ್ದರಿಂದ ನಗದಾಗಿಯೇ ಕೊಡಬೇಕೆಂದೂ ತಿಳಿಯಿತು. ಭಾವ ಮನಸ್ಸಿನಲ್ಲಿಯೇ ಕೂಡಿಸಿ ನೋಡಿದರು, 1,120 ಆಯಿತು.

“ಹಾಗಾದರೆ ಇದನ್ನು ರದ್ದು ಮಾಡಿ, ನಾನು ನೇರವಾಗಿಯೇ ತೆಗೆದುಕೊಳ್ಳುತ್ತೇನೆ.”

“ರದ್ದನ್ನೂ ನೀವು ಮೊಬೈಲಿನಲ್ಲಿಯೇ ಮಾಡಬೇಕು, ಸಾರೇ. ಹಣ ಮಾತ್ರ ಮರಳಿ ಬರುವುದಿಲ್ಲ.”