ಬಿಸಿಲಿಗೂ ಬಿಲ್ಲು

ಬೆಂಗಳೂರಿನ ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಈಗ ಕಾಯಿಲೆಯವರು ಸ್ವಲ್ಪ ಪಕ್ಕಕ್ಕೆ ನಿಲ್ಲಬೇಕು. ಎದುರಿನ ಕಪಾಟು ಪೂರ್ತಿ ಗಟ್ಟಿಮುಟ್ಟಾಗಿರುವವರಿಗೇ ಮೀಸಲು. ಕೂದಲಿಗೆ ಬಯೋಟಿನ್, ನಿದ್ದೆಗೆ ಮೆಗ್ನೀಸಿಯಂ, ಮಕ್ಕಳಿಗೆ ಕರಡಿ ಆಕಾರದ ಗಮ್ಮಿ. ಜ್ವರದ ಮಾತ್ರೆ ಕೇಳಿದರೆ ಅಂಗಡಿ ಹುಡುಗ ಸ್ಟೂಲ್ ಹತ್ತಿ ಹುಡುಕುತ್ತಾನೆ. 2020ರಲ್ಲಿ ಕೊರೊನಾಗೆ ಹೆದರಿ ಜಿಂಕ್, ವಿಟಮಿನ್ ಸಿ ಹೊತ್ತುಕೊಂಡು ಬಂದೆವಲ್ಲ, ಆ ಭಯ ಇಳಿದರೂ ಡಬ್ಬಿಗಳು ಮನೆಯಿಂದ ಹೊರಡಲಿಲ್ಲ.

ನಮ್ಮ ಮೇಲಿನ ಫ್ಲಾಟಿನ ರಾಯರಿಗೆ ವಿಟಮಿನ್ ಡಿ ಕಡಿಮೆಯಂತೆ. ಆಗದೆ ಏನು? ಲಿಫ್ಟಿನಿಂದ ಬೇಸ್‌ಮೆಂಟು, ಬೇಸ್‌ಮೆಂಟಿನಿಂದ ಕಾರು, ಕಾರಿನಿಂದ ಎಸಿ ಆಫೀಸು. ಬಿಸಿಲು ಚೆನ್ನಾಗಿ ಬೀಳುತ್ತೆ ಅಂತ ಜಾಸ್ತಿ ದುಡ್ಡು ಕೊಟ್ಟು ಪೂರ್ವದ ಫ್ಲಾಟ್ ಹಿಡಿದರು. ಸೋಫಾ ಬಣ್ಣ ಹೋಗುತ್ತೆ ಅಂತ ದಪ್ಪ ಪರದೆ ಹಾಕಿಸಿದರು.

ಡಾಕ್ಟರು ವಾರಕ್ಕೊಂದು 60,000 ಯೂನಿಟ್ಟಿನ ಸ್ಯಾಶೆ ಬರೆದುಕೊಟ್ಟಿದ್ದಾರೆ. "ದಿನಕ್ಕೊಂದು ತಗೊಂಡ್ರೆ ಬೇಗ ಏರುತ್ತಲ್ವಾ?" ಅಂತ ರಾಯರ ಲೆಕ್ಕಾಚಾರ. ಏರುತ್ತೆ, ರಕ್ತದ ಕ್ಯಾಲ್ಸಿಯಂ ಕೂಡ ಏರಿ ಕಿಡ್ನಿಗೆ ಏಟು ಬೀಳುತ್ತೆ. ಡಿ ಜಿಡ್ಡಿನಲ್ಲಿ ಕರಗಿ ಮೈಯಲ್ಲೇ ಬೀಡುಬಿಡುವ ಜಾತಿ. ವಿಟಮಿನ್ ಸಿ ಪಾಪ ಹಾಗಲ್ಲ, ಜಾಸ್ತಿಯಾದದ್ದು ಮೂತ್ರದಲ್ಲಿ ಹೊರಟುಹೋಗುತ್ತೆ. ನಮ್ಮ ಬಡಾವಣೆಯಲ್ಲಿ ಯಾರಿಗಾದರೂ ನಿಜವಾಗಿ ಪುಷ್ಟಿ ಬಂದಿದ್ದರೆ ಅದು ಒಳಚರಂಡಿಗೆ.

ಇನ್ನೊಂದು ವಿಷಯ ರಾಯರಿಗೆ ಹೇಳಿಲ್ಲ, ಅವರು ಮೊಟ್ಟೆಯನ್ನೂ ಮುಟ್ಟದವರು. ಮಾರುಕಟ್ಟೆಯ ಡಿ3, ಅಂದರೆ ಇಂಥ ಸ್ಯಾಶೆಯಲ್ಲಿರುವ ವಿಟಮಿನ್ ಡಿ, ಹೆಚ್ಚಾಗಿ ತಯಾರಾಗುವುದು ಕುರಿಯ ಉಣ್ಣೆಯ ಜಿಡ್ಡಿನಿಂದ. ಆ ಜಿಡ್ಡಿನಿಂದ ತೆಗೆದ ಸಾರದ ಮೇಲೆ ಅಲ್ಟ್ರಾವಯಲೆಟ್ ಬೆಳಕು ಬಿಡುತ್ತಾರೆ. ಅಂದರೆ ರಾಯರು ಬಾಲ್ಕನಿಗೆ ಬರಲ್ಲ ಅಂದರು ಅಂತ, ಅವರ ಪರವಾಗಿ ಯಾವುದೋ ಕುರಿಯ ಜಿಡ್ಡು ಬಿಸಿಲು ಕಾಯಿಸಿಕೊಂಡು ಬಂದಿದೆ.

ಕ್ಯಾಲ್ಸಿಯಂ ಮಾತ್ರೆಯೂ ಉಂಟು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಆದರೆ ಮುದ್ದೆ ಅವರ ಡೈನಿಂಗ್ ಟೇಬಲ್ಲಿಗೆ ಹೊಂದಲ್ಲ.

ಮೊನ್ನೆ ಲಿಫ್ಟಿನಲ್ಲಿ ಹೊಸ ಡಬ್ಬಿ ತೋರಿಸಿದರು. ಮೊರಿಂಗಾ ಕ್ಯಾಪ್ಸೂಲು. ಮುಂದೆ ಹಸಿರು ಎಲೆಯ ಚಿತ್ರ, ಹಿಂದೆ 'ಔಷಧಿಯಾಗಿ ಬಳಸುವಂತಿಲ್ಲ' ಅನ್ನುವ ಅರ್ಥದ ಸಾಲು.

"ಇದು ಯಾವ ಸೊಪ್ಪು ಗೊತ್ತಾ ನಿಮಗೆ?" ಅಂದರು.

"ಗೊತ್ತು ರಾಯರೇ, ನುಗ್ಗೆ. ಕಂಬಳಿಹುಳ ಬೀಳುತ್ತೆ ಅಂತ ಹೋದ ವರ್ಷ ಮರ ಕಡಿಸಿದ್ರಲ್ಲ, ಈಗ ನಿಮ್ಮ ಎರಡನೇ ಕಾರು ನಿಲ್ಲುತ್ತಲ್ಲ, ಅಲ್ಲಿತ್ತು."