ದೆವ್ವಕ್ಕೂ ಬಹುವಚನ

ಆಗಸ್ಟ್ ತಿಂಗಳ ಟೋಕಿಯೋ. ಬೆವರು ಒರೆಸಿ ಒರೆಸಿ ಸಾಕಾಗಿತ್ತು. "ತಣ್ಣಗಾಗಬೇಕಾ? ದೆವ್ವದ ಸಿನಿಮಾ ನೋಡಿ" ಅಂದರು ಆಫೀಸಿನಲ್ಲಿ ಪಕ್ಕ ಕೂರುವ ಹೆಂಗಸು. ನಮಗೆ ಮಜ್ಜಿಗೆ ಹೇಗೋ ಇಲ್ಲಿಯವರಿಗೆ ಬೇಸಿಗೆಯಲ್ಲಿ ದೆವ್ವ ಹಾಗೆ. ಬೆನ್ನಲ್ಲಿ ಚಳಿ ಹುಟ್ಟಬೇಕಂತೆ.

ನೋಡಿದ್ದು ನೊಬುವೊ ನಾಕಾಗಾವಾ 1959ರಲ್ಲಿ ತೆಗೆದ 'ತೋಕಾಯ್‌ದೋ ಯೋತ್ಸುಯಾ ಕಾಯ್‌ದಾನ್'. ಮೂಲ 1825ರ ಕಬುಕಿ, ಅಂದರೆ ಜಪಾನಿನ ಸಾಂಪ್ರದಾಯಿಕ ಶೈಲಿಯ ನಾಟಕ. ದುಡ್ಡಿರುವ ಮನೆಯ ಹುಡುಗಿಯ ಆಸೆಗೆ ಬಿದ್ದ ಇಯೆಮೊನ್, ಕಟ್ಟಿಕೊಂಡ ಹೆಂಡತಿ ಓಯಿವಾಗೆ ಔಷಧಿ ಅಂತ ವಿಷ ಕೊಡುತ್ತಾನೆ. ಮುಖ ಕೆಟ್ಟುಹೋಗುತ್ತದೆ. ತಲೆ ಬಾಚಿದರೆ ಕೂದಲು ಕಂತೆ ಕಂತೆಯಾಗಿ ಕಿತ್ತುಬರುತ್ತದೆ. ಅಲ್ಲಿ ನಾನು ಕಣ್ಣು ಮುಚ್ಚಿದ್ದು ಹೆದರಿ ಅಲ್ಲ, ಸಂಕಟಕ್ಕೆ. ಹೆಣವನ್ನು ಬಾಗಿಲ ಹಲಗೆಗೆ ಮೊಳೆ ಹೊಡೆದು ನೀರಿಗೆ ಬಿಡುತ್ತಾರೆ. ಆ ಹಲಗೆ ತೇಲಿ ಬರುತ್ತದೆ. ಮದುಮಗಳಲ್ಲೂ ಅದೇ ಮುಖ ಕಂಡು ಇಯೆಮೊನ್ ಕತ್ತಿ ಬೀಸುತ್ತಾನೆ. ಸಾಯುವವಳು ಮದುಮಗಳು.

ಮರುದಿನ "ದೆವ್ವ ಚೆನ್ನಾಗಿತ್ತು" ಅಂದೆ. ಅವರ ಮುಖ ಸಪ್ಪಗಾಯಿತು. "ಓಯಿವಾ ಸಾನ್" ಎಂದು ಮೆಲ್ಲಗೆ ತಿದ್ದಿದರು. ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ. ಟೋಕಿಯೋದ ಯೋತ್ಸುಯಾದಲ್ಲಿ ಓಯಿವಾ ಅವರಿಗೆ ಗುಡಿಯೇ ಇದೆ. ಈ ಕಥೆ ಆಡುವ ನಟರು ಮೊದಲು ಅಲ್ಲಿ ಕೈಮುಗಿದು ಬರುತ್ತಾರೆ.

ನನಗೆ ಚುರ್ ಅಂತು. ನಾವು ಏನಂತೀವಿ? ಮೋಹಿನಿ 'ಬಂತು'. ಉಸಿರಿರುವ ತನಕ ಅವಳು, ಆಮೇಲೆ ಅದು. ನಮ್ಮೂರಲ್ಲಿ ಒಬ್ಬ ಸೊಸೆ ಬಾವಿಗೆ ಬಿದ್ದಳು. ಯಾಕೆ ಬಿದ್ದಳು ಅಂತ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಸಂಜೆ ಹುಣಸೆಮರದ ಕಡೆ ಹೋಗಬೇಡಿ, 'ಅದು' ಹಿಡಿಯುತ್ತೆ ಅಂದಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ಏಕವಚನದಲ್ಲೇ ಸಾಗಹಾಕುವ ಜನ ಅಲ್ವಾ ನಾವು.

ಇದನ್ನೇ ಹೆಂಡತಿಯ ಮುಂದೆ ಕೊರೆದೆ. ಅವಳು ಕಾರ್ಕಳದ ಕಡೆಯವಳು. "ರೀ, ನಿಮ್ಮೂರಿನ ಕಥೆ ಎಲ್ಲರಿಗೂ ಹಚ್ಚಬೇಡಿ" ಅಂದಳು. ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಕೈಕಾಲು ಕಡಿಸಿದ ಅರಸನ ಮೇಲೆ, ತಂಗಿ ಕಲ್ಲುರ್ಟಿ ದೈವವಾಗಿ ಸೇಡು ತೀರಿಸಿಕೊಂಡಳಲ್ಲ, ಇಂದಿಗೂ ಕೋಲ ನಡೆಯುತ್ತದಲ್ಲ? "ಕಲ್ಲುರ್ಟಿಯನ್ನು ಅದು ಇದು ಅಂದು ನೋಡಿ, ಆಮೇಲೆ ಗೊತ್ತಾಗುತ್ತೆ."

ಸರಿ, ಒಪ್ಪಿದೆ. ಘಟ್ಟದ ಕೆಳಗಿನವರು ಈ ವಿಷಯದಲ್ಲಿ ಜಪಾನಿನವರೇ. ಆದರೆ ನಮ್ಮ ಹುಣಸೆಮರದ ಸೊಸೆ? ಅವರ ಹೆಸರೇನು ಅಂತ ಮೊನ್ನೆ ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

"ದೀಪ ಹಚ್ಚೋ ಹೊತ್ತಲ್ಲಿ ಅದರ ಮಾತ್ಯಾಕೋ" ಅಂದಳು ಅಮ್ಮ.